ಮಾಡದ ತಪ್ಪಿಗೆ ಕೇಳಿದ ಕ್ಷಮೆ

ಮಧುಗಿರಿಯ ನಮ್ಮ ಚರ್ಚು ಚಿಕ್ಕದು. ಭಾನುವಾರದ ಬಲಿಪೂಜೆಗೆ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅವರು ಮಕ್ಕಳಾಗಿದ್ದಾಗ ಜಪ ಕಲಿಸಿದವಳು ನಾನು. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಚರ್ಚಿನ ಪಕ್ಕದ ಸಭಾಂಗಣದ ಉಸ್ತುವಾರಿಯೂ ನನ್ನ ಪಾಲಿಗೆ ಬಂತು. ಅಲ್ಲಿ ಧರ್ಮೋಪದೇಶದ ತರಗತಿ ನಡೆಯುತ್ತಿತ್ತು, ಮಹಿಳಾ ಸಂಘದ ಸಭೆ ಸೇರುತ್ತಿತ್ತು. ಮೂಲೆಯ ಪೀಠದ ಮೇಲೆ ಮಾತೆ ಮರಿಯಮ್ಮನವರ ಆಳೆತ್ತರದ ಅರ್ಧದಷ್ಟಿದ್ದ ಪ್ರತಿಮೆಯಿತ್ತು. ಅದನ್ನು ಕೊಟ್ಟವರು ನನ್ನ ತವರಿನವರು. ಈ ಮಾತನ್ನು ನಾನು ಆಗಾಗ ಬೇಕೆಂದೇ ಹೇಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಪ್ರಸಂಗ ಮುಗಿಸಿದ ನಮ್ಮ ಫಾದರ್ ಒಂದು ವಿಷಯ ತಿಳಿಸಿದರು. ಊರಿನಲ್ಲಿದ್ದ ಒಂದು ಸಣ್ಣ ಪ್ರಾಟೆಸ್ಟೆಂಟ್ ಸಭೆಯವರು ಮೋಟಾರ್ ವೈಂಡಿಂಗ್ ಅಂಗಡಿಯೊಂದರ ಮಹಡಿಯಲ್ಲಿ ಆರಾಧನೆ ನಡೆಸುತ್ತಿದ್ದರು. ರಸ್ತೆ ಅಗಲ ಮಾಡಲು ಆ ಕಟ್ಟಡ ಕೆಡವುತ್ತಿದ್ದಾರೆ, ಬೇರೆ ಜಾಗ ಸಿಗುವವರೆಗೆ ನಮ್ಮ ಬಲಿಪೂಜೆ ಮುಗಿದ ಮೇಲೆ ಅವರು ನಮ್ಮ ಸಭಾಂಗಣದಲ್ಲಿ ಸೇರುತ್ತಾರೆ ಎಂದರು. "ನಾವೂ ಅವರೂ ಹೇಳೋದು ಒಂದೇ ಪರಲೋಕ ಜಪ ಅಲ್ಲವೇ?" ಎಂದು ನಕ್ಕರು. ಜನ ತಲೆಯಾಡಿಸಿದರು. ನಾನೂ ಆಡಿಸಿದೆ. ಒಳಗೊಳಗೆ ಮಾತ್ರ, ನನ್ನನ್ನು ಒಂದು ಮಾತು ಕೇಳಬೇಕಿತ್ತು ಅನ್ನಿಸಿತು.

ಅವರ ಪಾಸ್ಟರ್ ಮೆದು ಮಾತಿನವರು. ಅವರ ಹೆಂಡತಿಯನ್ನು ಎಲ್ಲರೂ ಪಾಸ್ಟರಮ್ಮ ಎನ್ನುತ್ತಿದ್ದರು. ಪಾವಗಡದ ಕಡೆಯವರು, ಕನ್ನಡ ಮಾತಾಡುತ್ತಲೇ ತೆಲುಗಿಗೆ ಜಾರುವವರು. ಮೊದಲ ದಿನವೇ ನನ್ನ ಬಳಿ ಬಂದು, "ಅಕ್ಕಾ, ಏನಾದ್ರೂ ತಪ್ಪಾದ್ರೆ ನನಗೇ ಹೇಳಿ, ಮೊಹಮಾಟ ಬೇಡ, ಸಂಕೋಚ ಪಡಬೇಡಿ" ಎಂದರು. ಅವರ ಜನ ಹೋಗುವಾಗ ಸಭಾಂಗಣ ನಾವು ಬಿಟ್ಟುಕೊಟ್ಟಿದ್ದಕ್ಕಿಂತ ಚೊಕ್ಕಟವಾಗಿರುತ್ತಿತ್ತು. ಆದರೂ ನಾನು ಕುಂದು ಹುಡುಕುತ್ತಿದ್ದೆ. ಅವರ ತಬಲದ ಸದ್ದು ಜಾಸ್ತಿ, ಚಪ್ಪಲಿ ಬಿಡುವ ಜಾಗ ಸರಿಯಿಲ್ಲ, ಹೀಗೆ. ಒಂದು ವಾರ ಹೊಸ ಜಮಖಾನೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಅವರಿಗೆ ಹಳೆಯದನ್ನು ಬಿಟ್ಟಿದ್ದೆ. ಈಗ ನೆನೆದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಒಂದು ಸೋಮವಾರ ಬೆಳಿಗ್ಗೆ ಸಭಾಂಗಣದ ಬಾಗಿಲು ತೆಗೆದರೆ ಪೀಠ ಖಾಲಿಯಾಗಿತ್ತು. ಹುಡುಕಿದಾಗ ಪ್ರತಿಮೆ ಸಾಮಾನಿನ ಕೋಣೆಯಲ್ಲಿ ಸಿಕ್ಕಿತು. ಹಳೇ ಸೀರೆಯಲ್ಲಿ ಸುತ್ತಿ, ನೆಲದ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿ ಇಟ್ಟಿದ್ದರು. ಪ್ರತಿಮೆ ಕಂಡರೆ ಆಗದವರು ಆ ಸಭೆಯವರು, ಅವರದೇ ಕೆಲಸ ಎಂದು ಆ ನಿಮಿಷದಲ್ಲೇ ತೀರ್ಮಾನಿಸಿದೆ. ಸಭಾಂಗಣ ಗುಡಿಸಿ ಬೀಗ ಹಾಕುತ್ತಿದ್ದ ನಮ್ಮ ಕೆಲಸದ ಅಜ್ಜಿ ಮಗಳ ಹೆರಿಗೆಗೆಂದು ಹಿಂದಿನ ದಿನ ಸಂಜೆಯಷ್ಟೇ ತೋವಿನಕೆರೆಗೆ ಹೋಗಿದ್ದಳು. ಫೋನ್ ಮಾಡಿ ಅವಳನ್ನು ಕೇಳಬಹುದಿತ್ತು. ಮಾಡಲಿಲ್ಲ. ಮಹಿಳಾ ಸಂಘದ ಇಬ್ಬರಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಕೊರಟಗೆರೆಯ ನಮ್ಮವರ ಮನೆಗಳಿಗೂ ಮುಟ್ಟಿತ್ತು.

ಫಾದರ್ ಪಾಸ್ಟರನ್ನು ಕರೆಸಿ ನನ್ನ ಎದುರಿಗೇ ಕೇಳಿದರು. "ನಮ್ಮವರು ಮುಟ್ಟಿಲ್ಲ ಫಾದರ್. ಆದ್ರೂ ಒಂದು ಸಲ ವಿಚಾರಿಸ್ತೀನಿ" ಎಂದರು ಅವರು. ಫಾದರ್ ನಂಬಿದರು. ನಾನು, "ತಾನಾಗೇ ನಡ್ಕೊಂಡು ಹೋಯ್ತಾ ಹಾಗಾದ್ರೆ?" ಎಂದೆ. ಪಾಸ್ಟರು ನನಗೂ ವಂದನೆ ಹೇಳಿ ಹೊರಟರು. ಎರಡು ದಿನ ಬಿಟ್ಟು ಬಂದು, ನಿಮ್ಮ ಜನರಲ್ಲಿ ಮನಸ್ತಾಪ ಬೇಡ ಎಂದು ಕೈಮುಗಿದು, ತಬಲ, ಬೈಬಲ್ಲುಗಳನ್ನು ಆಟೋದಲ್ಲಿ ತುಂಬಿಕೊಂಡು ಹೋದರು. ಪಾವಗಡ ರಸ್ತೆಯಲ್ಲಿ ಅವರ ಸಭೆಯವರೊಬ್ಬರ ಶೀಟಿನ ಶೆಡ್ಡಿನಲ್ಲಿ ಆರಾಧನೆ ಶುರುವಾಯಿತು.

ಮುಂದಿನ ವಾರ ಅಜ್ಜಿ ತೋವಿನಕೆರೆಯಿಂದ ಬಂದಳು. ನಾನು ಪ್ರತಿಮೆಗೆ ಹೂವು ಮುಡಿಸುತ್ತಿದ್ದೆ.

"ಟೀಚರಮ್ಮ, ಸೂರು ರಿಪೇರಿ ಮಾಡ್ಸುದ್ರಾ? ಮರ್ಯಮ್ನೋರ ತಲೆ ಮೇಲೇ ಗಾರೆ ಹೆಂಟೆ ಬೀಳಂಗಿತ್ತು. ಅದ್ಕೇ ನಾನೇ ತೆಗ್ದು ಒಳಿಕ್ ಮಡಗಿ ಹೋಗ್ಬುಟ್ಟೆ. ಧೂಳಾಯ್ತದೆ ಅಂತ ನನ್ ಸೀರೆ ಸುತ್ತಿದ್ದೆ ಕಣಮ್ಮ."

ತಲೆಯೆತ್ತಿ ನೋಡಿದೆ. ಪೀಠದ ಮೇಲುಗಡೆ ಸೂರಿನಲ್ಲಿ ಮೊರದಗಲ ಗಾರೆ ಬಿರಿದು ಜೋತುಬಿದ್ದಿತ್ತು. ಅಷ್ಟು ದಿನ ಅದರ ಕೆಳಗೇ ಓಡಾಡಿದ್ದೆ.

"ಇದನ್ನ ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ ಕಣಮ್ಮ, ಈಗ್ತಾನೆ ಬಸ್ ಇಳ್ದೆ."

"ಹೇಳಬೇಡ. ಆಗಿದ್ದು ಆಗೋಯ್ತು. ಈಗ ಹೇಳಿದ್ರೆ ಫಾದರ್ ನಿನ್ನನ್ನೇ ಬೈತಾರೆ."

ಅದು ಸುಳ್ಳು. ಫಾದರ್ ಅವಳನ್ನು ಒಂದು ಮಾತೂ ಅನ್ನುತ್ತಿರಲಿಲ್ಲ. ಕೂಲಿಯ ಕೆಲಸ ಹೋದೀತೆಂಬ ಹೆದರಿಕೆ ಅವಳ ಮುಖದಲ್ಲಿ ಕಂಡಿತು, ಆ ಹೆದರಿಕೆಯನ್ನು ನಾನು ಹಾಗೇ ಬಳಸಿಕೊಂಡೆ. ಅವಳು ಪೊರಕೆ ಎತ್ತಿಕೊಂಡು ಹೋದಳು.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಹೆಂಗಸರು ನನ್ನನ್ನು ಹೊಗಳಿದರು. ಟೀಚರ್ ಇಲ್ಲದಿದ್ದರೆ ಮರಿಯಮ್ಮನವರನ್ನು ಬೀದಿಗೆ ಹಾಕುತ್ತಿದ್ದರು ಎಂದರು. ನಾನು ಬೇಡವೆನ್ನಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಬಂದಾಗ ನಮ್ಮ ಫಾದರ್ ಬಳಿ ಪಾಪನಿವೇದನೆ ಮಾಡಲು ಧೈರ್ಯ ಬರದೆ, ಬಸ್ಸು ಹತ್ತಿ ತುಮಕೂರಿಗೆ ಹೋಗಿ, ನನ್ನ ದನಿ ಗೊತ್ತಿಲ್ಲದ ಗುರುಗಳ ಮುಂದೆ ಮಂಡಿಯೂರಿದೆ. ಅವರು ಒಂದು ಜಪಸರ ಹೇಳಲು ತಿಳಿಸಿ, "ಮೊದಲು ಹೋಗಿ ಅವರಿಗೆ ನಿಜ ಹೇಳಿಬಿಡಿ ಅಮ್ಮ" ಎಂದರು. ಜಪಸರವನ್ನು ಬರುವಾಗ ಬಸ್ಸಿನಲ್ಲೇ ಮುಗಿಸಿದೆ. ಇನ್ನೊಂದನ್ನು ಮಾಡಲಿಲ್ಲ.

ಮುಂದಿನ ಜನವರಿಯಲ್ಲಿ ಕ್ರೈಸ್ತ ಐಕ್ಯತೆಗಾಗಿ ಎಲ್ಲರೂ ಕೂಡಿ ಪ್ರಾರ್ಥಿಸೋಣ ಎಂದು ಫಾದರ್ ಸುತ್ತಲಿನ ಸಭೆಗಳನ್ನೆಲ್ಲ ಕರೆದರು. ಶಿರಾ, ಕೊರಟಗೆರೆ, ಪಾವಗಡದಿಂದ ಜನ ಬಂದರು. ಶೆಡ್ಡಿನ ಸಭೆಯವರೂ ಬಂದರು. ಬರುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ, ಬರದಿದ್ದರೆ ಸಾಕು ಎಂದೂ. ಒಬ್ಬೊಬ್ಬ ಪಾಸ್ಟರಿಗೂ ಎರಡೆರಡು ಮಾತಿನ ಅವಕಾಶವಿತ್ತು. ಅವರ ಸರದಿ ಬಂದಾಗ ಆ ಪಾಸ್ಟರು ಬೈಬಲ್ ಮುಚ್ಚಿ ಹಿಡಿದು ಹೇಳಿದರು:

"ನೀವು ನಮಗೆ ಜಾಗ ಕೊಟ್ಟಿರಿ. ಆ ಜಾಗದಲ್ಲಿ ನಿಮ್ಮ ಮನಸ್ಸಿಗೆ ನೋವಾಗೋ ಕೆಲಸ ನಡೆದುಹೋಯ್ತು. ಯಾರು ಮಾಡಿದ್ರೋ ನಮಗೆ ಗೊತ್ತಾಗಲಿಲ್ಲ. ನಮ್ಮವರೇ ಯಾರಾದ್ರೂ ಮಾಡಿದ್ರೆ, ಎಲ್ಲರ ಪರವಾಗಿ ನಾನು ಕ್ಷಮೆ ಕೇಳ್ತೀನಿ."

ಹೀಗೆಂದು ಅವರು ನಮ್ಮ ಬೆಂಚುಗಳ ಕಡೆಗೆ ತಿರುಗಿ ತಲೆಬಾಗಿ ಕೈಮುಗಿದರು. ನಮ್ಮ ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬಾಕೆ ನನ್ನ ತೋಳು ಹಿಡಿದು ಒತ್ತಿದಳು. ಬೆಂಚುಗಳ ಹಿಂದೆ, ಕಂಬದ ಪಕ್ಕ ನೆಲದ ಮೇಲೆ ಕೂತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಆಗಲಾದರೂ ನಾನು ಎದ್ದು ನಿಲ್ಲಬೇಕಿತ್ತು. ಎದ್ದು ನಿಂತದ್ದು ಮುಂದಿನ ಹಾಡಿಗೆ, ಎಲ್ಲರ ಜೊತೆ.

ಮರುದಿನ ಬೆಳಿಗ್ಗೆ ಆ ಶೆಡ್ಡಿಗೆ ಹೋದೆ. ಪಾಸ್ಟರಮ್ಮ ಒಬ್ಬರೇ ಚಾಪೆ ಕೊಡವುತ್ತಿದ್ದರು. ನಿಂತ ನಿಲುವಿನಲ್ಲೇ ಎಲ್ಲವನ್ನೂ ಹೇಳಿದೆ, ಅಜ್ಜಿಯ ಬಾಯಿ ಮುಚ್ಚಿಸಿದ್ದನ್ನೂ ಸೇರಿಸಿ. ಅವರು ಸಮಾಧಾನದ ಮಾತಾಡುತ್ತಾರೆ ಎಂದು ಎಲ್ಲೋ ಒಂದು ಆಸೆ ನನಗಿತ್ತು.

"ಎಷ್ಟು ದಿನದಿಂದ ಗೊತ್ತು ನಿಮಗೆ?" ಎಂದರು.

"ಒಂದು ವಾರಕ್ಕೇ ಗೊತ್ತಾಯ್ತು."

"ಅಯ್ಯೋ ದೇವುಡಾ!" ಎಂದು ಚಾಪೆ ಕೆಳಗೆ ಬಿಟ್ಟರು. "ನಮ್ಮ ಸಭೇಲಿ ಒಂದು ಹೆಣ್ಣುಮಗಳಿದ್ಲಕ್ಕಾ. ಪ್ರತಿಮೆ ಯಾಕಿಡ್ತಾರೆ ಅಂತ ಒಂದು ಸಲ ಜೋರಾಗಿ ಕೇಳಿದ್ಲು, ಅಷ್ಟೇ. ಅವಳೇ ಮಾಡಿರಬೇಕು ಅಂತ ಎಲ್ಲರೂ ಸೇರಿ ಕೇಳಿದ್ವಿ. ನಾನೂ ಕೇಳಿದೆ. ಅವಳ ತಾಯಿ ಎಲ್ಲರೆದುರಿಗೆ ಕೆನ್ನೆಗೆ ಹೊಡೆದ್ಲು. ಮಗಳು ಶಿರಾಕ್ಕೆ ಹೋದೋಳು ತಿರುಗಿ ಬರಲೇ ಇಲ್ಲ. ನೀವು ಒಂದು ಮಾತು ಹೇಳಿದ್ದಿದ್ರೆ!" ಚಾಪೆಯನ್ನು ಮತ್ತೆ ಎತ್ತಿಕೊಂಡು, "ಈಗ ಹೋಗಿ ಅಕ್ಕಾ. ನನಗೆ ಕೋಪ ಬರ್ತಾ ಇದೆ" ಎಂದರು.

ಅಲ್ಲಿಂದ ನೇರ ಫಾದರ್ ಬಳಿ ಹೋದೆ. ಅವರು "ಯಾರ ಮುಂದೆ ಅವರ ಹೆಸರು ಕೆಟ್ಟಿತೋ ಅವರ ಮುಂದೆಯೇ ನೀವು ಹೇಳಬೇಕು" ಎಂದರು. ಭಾನುವಾರ ಬಲಿಪೂಜೆಯ ಕೊನೆಗೆ ಹೇಳಿದೆ. ಬರೆದುಕೊಂಡು ಹೋದ ಚೀಟಿಯ ಅಕ್ಷರ ಕಣ್ಣಿಗೆ ಕಾಣಲಿಲ್ಲ, ಬಾಯಿಗೆ ಬಂದದ್ದನ್ನೇ ಹೇಳಿದೆ. ಹೊರಗೆ ಯಾರೂ ಮಾತಾಡಿಸಲಿಲ್ಲ. ಒಬ್ಬಾಕೆ ಮಾತ್ರ ಹತ್ತಿರ ಬಂದು, "ಇದನ್ನೆಲ್ಲ ಮೈಕಲ್ಲಿ ಹೇಳಬೇಕಿತ್ತಾ? ನಮ್ಮ ಮರ್ಯಾದೆ ಹೋಯ್ತಲ್ಲ" ಎಂದಳು. ನಾನು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದದ್ದೂ ಇದೇ ಲೆಕ್ಕಾಚಾರದಿಂದ ಎಂದು ಅವಳಿಗೆ ಹೇಳಲು ಮನಸ್ಸಾಗಲಿಲ್ಲ.

ಆ ಹೆಣ್ಣುಮಗಳು ಶಿರಾದಲ್ಲಿ ಒಬ್ಬ ಮುಸ್ಲಿಂ ಹೆಂಗಸಿನ ಟೈಲರಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹುಡುಕಿಕೊಂಡು ಹೋದೆ. ಎಲ್ಲರೂ ಆಪಾ ಎನ್ನುವ ಆ ಒಡತಿ ನನಗೆ ಸ್ಟೂಲು ಹಾಕಿ ಹೊರಗೆ ಹೋದರು. ಅವಳು ಮಿಷನ್ನು ನಿಲ್ಲಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು.

"ನೀವು ನನ್ನನ್ನ ನೋಡಿರ್ಲೂ ಇಲ್ಲ. ನನ್ನ ನೋಡಿದ್ದೋರೇ ನಂಬಲಿಲ್ವಲ್ಲ" ಎಂದಳು. ಆಮೇಲೆ, "ನನಗೆ ಹೇಳಿದ್ರೆ ಏನು ಬಂತು? ನಾನು ಮಾಡಿಲ್ಲ ಅಂತ ನನಗೆ ಗೊತ್ತೇ ಇತ್ತು. ನಮ್ಮಮ್ಮನಿಗೆ ಹೋಗಿ ಹೇಳಿ" ಎಂದಳು.

ಪಾಸ್ಟರಮ್ಮನ ಬಾಯಿಂದ ವಿಷಯ ಆಗಲೇ ತಾಯಿಯ ಕಿವಿಗೆ ಬಿದ್ದಿತ್ತು. ಆದರೂ ಅವರ ಮನೆಗೆ ಹೋಗಿ ನನ್ನ ಬಾಯಿಂದಲೇ ಹೇಳಿದೆ. ಆಕೆ ಹೊಸ್ತಿಲ ಮೇಲೆ ಕೂತು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. ಮಗಳನ್ನು ಕರೆತರಲು ನಾನೂ ಜೊತೆಗೆ ಬರುತ್ತೇನೆ ಎಂದೆ.

"ನೀವು ಬ್ಯಾಡಿ," ಎಂದಳು. "ಹೊಡ್ದೋಳು ನಾನು. ನಾನೊಬ್ಳೇ ಹೋಯ್ತೀನಿ."

ಮಗಳು ಮರಳಿ ಬರಲಿಲ್ಲ. ಆದರೆ ತಾಯಿ ತಿಂಗಳಿಗೊಮ್ಮೆ ಶಿರಾಕ್ಕೆ ಹೋಗಿ ಅವಳ ಕೋಣೆಯಲ್ಲಿ ಎರಡು ದಿನ ಇದ್ದು ಬರುತ್ತಾಳಂತೆ. ಫಾದರ್ ಮತ್ತೆ ಕರೆದರೂ ಆ ಸಭೆಯವರು ನಮ್ಮ ಸಭಾಂಗಣಕ್ಕೆ ಬರಲಿಲ್ಲ. ಶೆಡ್ಡೇ ಅಭ್ಯಾಸವಾಗಿದೆ ಎಂದರಂತೆ. ಪಾಸ್ಟರಮ್ಮ ಎದುರಾದಾಗ ವಂದನೆ ಹೇಳುತ್ತಾರೆ. ನಾನೂ ಹೇಳುತ್ತೇನೆ. ಅದಕ್ಕಿಂತ ಹೆಚ್ಚಿನ ಮಾತು ಇನ್ನೂ ಆಗಿಲ್ಲ.