ಅಂಜನಪ್ಪ ಓಡಿಸಿದ ಮಗ್ಗಗಳು

ಶೇಷಾದ್ರಿಪುರದ ಅಂಚಿನಲ್ಲಿದ್ದ ನಮ್ಮ ಬಟ್ಟೆ ಮಿಲ್ಲಿನಲ್ಲಿ ಮಗ್ಗ ಕೆಟ್ಟರೆ ಎಲ್ಲರೂ ಕೂಗುತ್ತಿದ್ದದ್ದು ಒಂದೇ ಹೆಸರು: ಫಿಟ್ಟರ್ ಅಂಜನಪ್ಪ. ನಾನು, ದೊರೆಸ್ವಾಮಿ, ಅಲ್ಲಿ ನೇಕಾರ. ಮಗ್ಗಗಳು ನಮ್ಮಪ್ಪಂದಿರ ಕಾಲದವು. ಬಿಡಿಭಾಗ ಕೇಳಿದರೆ ಆಫೀಸಿನವರು "ಮುಂದಿನ ವರ್ಷ" ಎನ್ನುತ್ತಿದ್ದರು. ಆ ಮುಂದಿನ ವರ್ಷ ಬರಲೇ ಇಲ್ಲ. ಲಾಭವೆಲ್ಲ ಮಾಲೀಕರು ಕೊಂಡ ಸೈಟುಗಳಿಗೆ ಹೋಯಿತು. ಅಂಜನಪ್ಪ ನಿಂತ ಮಗ್ಗದ ಹಲ್ಲುಚಕ್ರ ಬಿಚ್ಚಿ ಪಕ್ಕದ ಮಗ್ಗಕ್ಕೆ ಹಾಕಿ ಹೇಗೋ ಕೆಲಸ ಸಾಗಿಸುತ್ತಿದ್ದ.

ಆಯುಧಪೂಜೆಯ ದಿನ ಯಾವ ಮಗ್ಗವೂ ಸತ್ತು ನಿಂತಿರಬಾರದು ಎಂಬುದು ನಮ್ಮಲ್ಲಿದ್ದ ನೇಮ. ಅರ್ಚಕರು ಮಂಗಳಾರತಿ ಎತ್ತಿದಾಗ ಮುಂದಿರುವ ಸಾಲು ಸದ್ದು ಮಾಡುತ್ತಿರಬೇಕು. ಅವರು ಒಂದು ಸಾಲು ದಾಟಿದ್ದೇ ತಡ, ಅಂಜನಪ್ಪ ಇಬ್ಬರನ್ನು ಕಟ್ಟಿಕೊಂಡು ಆ ಸಾಲಿನ ಚಕ್ರಗಳನ್ನು ಬಿಚ್ಚಿ, ಬೆವರು ಸುರಿಸುತ್ತ ಓಡಿ, ಆರತಿ ಇನ್ನೂ ತಲುಪದ ಸಾಲಿಗೆ ಹಾಕಿಬಿಡುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಕೊನೆಗೆ ಮ್ಯಾನೇಜರು "ನೂರನಲವತ್ತು ಮಗ್ಗಗಳೂ ಸುಸ್ಥಿತಿಯಲ್ಲಿವೆ" ಎಂದು ಬರೆದ ಪುಸ್ತಕ ಮುಂದೆ ಹಿಡಿಯುತ್ತಿದ್ದರು. ಅಂಜನಪ್ಪ ಎದೆಯುಬ್ಬಿಸಿ ಸಹಿ ಹಾಕುತ್ತಿದ್ದ. ಅವನ ಪಾಲಿಗೆ ಅದು ದೇವರ ಕೆಲಸ. ನಮ್ಮ ದಡ್ಡತನಕ್ಕೆ ಏನು ಹೇಳಲಿ!

ಎಪ್ಪತ್ತೊಂಬತ್ತರಲ್ಲಿ ಬೋನಸ್ಸಿಗಾಗಿ ಇಪ್ಪತ್ತು ದಿನ ಸ್ಟ್ರೈಕ್ ಮಾಡಿದೆವು. ಮಾಲೀಕರಿಗೆ ಅಷ್ಟೇ ಬೇಕಿತ್ತು, ಗೇಟಿಗೆ ಬೀಗ ಜಡಿದರು. ಕೇಸು ಕಾರ್ಮಿಕ ನ್ಯಾಯಾಲಯಕ್ಕೆ ಹೋಯಿತು. ಯಂತ್ರಗಳು ಚೆನ್ನಾಗಿದ್ದವು, ಮಿಲ್ಲು ಮುಳುಗಿದ್ದು ಸ್ಟ್ರೈಕಿನಿಂದಲೇ ಎಂಬುದು ಅವರ ವಾದ. ಆ ವಾದ ಗೆದ್ದರೆ ಮುನ್ನೂರು ಮನೆಗಳಿಗೆ ಪರಿಹಾರವಿಲ್ಲ. ಸಾಕ್ಷಿಗೆ ಅವರು ತಂದಿಟ್ಟದ್ದು ಅಂಜನಪ್ಪನ ಸಹಿಯ ಪುಸ್ತಕ! ಅವನು ಬಾಯಿ ಮುಚ್ಚಿಕೊಂಡಿದ್ದರೆ ಹೊಸೂರಿನ ತಮ್ಮ ಹೊಸ ಮಿಲ್ಲಿನಲ್ಲಿ ಮೇಸ್ತ್ರಿ ಕೆಲಸ ಕೊಡುವುದಾಗಿ ಹೇಳಿ ಕಳಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ನೇರ ಅವನ ಮನೆಗೆ ಹೋದೆ.

"ನಿಜ ಹೇಳಿದ್ರೆ ದೇವ್ರ ಮುಂದೇನೇ ಮೋಸ ಮಾಡ್ದೋನು ಅಂತಾರೆ ಕಣೋ ದೊರೆ," ಎಂದು ಅಂಜನಪ್ಪ ತಲೆ ತಗ್ಗಿಸಿದ.

ಅವನ ಹೆಂಡತಿ ಹನುಮಕ್ಕ ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಕಟ್ಟುತ್ತ ಕೂತಿದ್ದಳು. "ಸಹಿ ಹಾಕ್ವಾಗ ಇಲ್ದಿರೋ ದೇವ್ರ ಭಯ ಈಗ್ಯಾಕ್? ಹೋಗಿ ಹೇಳು. ಅವರ ಕೆಲ್ಸ ಇಲ್ದಿದ್ರೆ ಹೂವ ಮಾರ್ಕೊಂಡು ತಿನ್ನಾನ," ಎಂದಳು.

"ಹೇಳ್ತೀನಿ," ಎಂದ ಅಂಜನಪ್ಪ.

ವಿಚಾರಣೆಯ ದಿನ ಅವನು ಪೂಜೆಯ ಓಡಾಟವನ್ನೆಲ್ಲ ಒಂದೂ ಬಿಡದೆ ಹೇಳಿದ. ಮಾಲೀಕರ ವಕೀಲರು ನಕ್ಕರು.

"ಹದಿಮೂರು ವರ್ಷ ಸುಳ್ಳು ಸಹಿ ಹಾಕಿದೋನ ಮಾತನ್ನ ಇವತ್ತು ಯಾಕಪ್ಪಾ ನಂಬ್ಬೇಕು?"

"ನನ್ನ ನಂಬ್ಬೇಡಿ ಸ್ವಾಮಿ," ಎಂದ ಅಂಜನಪ್ಪ. "ಮಗ್ಗ ಎಲ್ಲಾ ಅಲ್ಲೇ ಅವೆ. ಬೀಗ ತೆಗೆಸಿ. ಒಂದೊಂದೇ ಸಾಲಲ್ಲ, ಎಲ್ಲಾನೂ ಒಟ್ಟಿಗೆ ಓಡ್ಸಿ ತೋರಿಸ್ಲಿ."

ಮುಂದಿನ ವಾರ ನ್ಯಾಯಾಧೀಶರ ಎದುರಿಗೇ ಬೀಗ ತೆಗೆದು ಕರೆಂಟು ಕೊಟ್ಟರು. ನೂರನಲವತ್ತರಲ್ಲಿ ಓಡಿದ್ದು ಐವತ್ತೆರಡು. ಎಂಬತ್ತಮೂರರಲ್ಲಿ ತೀರ್ಪು ನಮ್ಮ ಕಡೆಗಾಯಿತು, ಪರಿಹಾರವೂ ಸಿಕ್ಕಿತು. ಮಿಲ್ಲು ಮಾತ್ರ ಮತ್ತೆ ತೆರೆಯಲಿಲ್ಲ.

ತೀರ್ಪಿನ ದಿನ ಕೋರ್ಟಿನ ಹೊರಗೆ ನಾವು ಹಾರ ಹಾಕಲು ಹೋದರೆ ಅಂಜನಪ್ಪ ಕೈ ಅಡ್ಡ ಹಿಡಿದ.

"ಬೇಡ ಕಣೋ. ಮೊದಲ್ನೇ ಮಗ್ಗ ನಿಂತ ದಿನ ಅದನ್ನ ನಿಂತಂಗೇ ಬಿಟ್ಟಿದ್ರೆ ಹೊಸದು ತರಿಸ್ಲೇಬೇಕಾಗ್ತಿತ್ತು. ಓಡ್ಸಿ ಓಡ್ಸಿ ಮಿಲ್ಲು ಮುಚ್ಸಿದೋರಲ್ಲಿ ನಾನೂ ಒಬ್ಬ."