ಅಣ್ಣನ ಮುಖ ಹುಡುಕಿ ಮಾನ್ವಿ, ದೇವದುರ್ಗಕ್ಕೆ

ರಾಯಚೂರು ಬಸ್ ನಿಲ್ದಾಣದಲ್ಲಿ ಬೆಳಿಗ್ಗೆಯೇ ನೆತ್ತಿ ಸುಡುವ ಬಿಸಿಲು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಮಾನ್ವಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಕಟ್ಟು ಹಾಕಿಸಿ ಟವೆಲಿನಲ್ಲಿ ಸುತ್ತಿದ ಅಣ್ಣನ ಫೋಟೋ. ಅಪಘಾತದಲ್ಲಿ ಅವನು ತೀರಿಕೊಂಡಾಗ ಅವನ ಫೋನೂ ಪುಡಿಯಾಗಿತ್ತು. ಬೇರೆಯವರ ಬಳಿಯಿದ್ದ ಗುಂಪಿನ ಫೋಟೋಗಳಲ್ಲಿ ಅವನ ಮುಖ ಜೋಳದ ಕಾಳಿನಷ್ಟು. ಮಾನ್ವಿಯ ಮದುವೆಯೊಂದರಲ್ಲಿ ತೆಗೆಸಿಕೊಂಡ ಇದೊಂದೇ ಉಳಿದದ್ದು. ಅದೂ ಎಂಥದ್ದು! ಮೆತ್ತನೆಯ ಕೆನ್ನೆಗೆ ಉಸುಕು ಎರಚಿದಂತಿದೆ, ಮೀಸೆಯ ಸುತ್ತ ಬಿಳಿ ಗೆರೆ.

ಫೋಟೋ ತಿದ್ದುವುದೇ ನನ್ನ ಕಸುಬು. ಕಂಪ್ಯೂಟರಿನಲ್ಲಿ ಕೆನ್ನೆ ಮೆತ್ತಗೆ ಮಾಡಹೋದರೆ ಕಣ್ಣುಗಳೂ ಮಸುಕಾದವು. ಕ್ಯಾಮೆರಾದ ಮೂಲ ಫೈಲ್ ಸಿಕ್ಕರೆ ಹೊಸದಾಗಿ ಮಾಡಿ ದೇವದುರ್ಗದಲ್ಲಿರುವ ಅಣ್ಣನ ಹೆಂಡತಿ, ನನ್ನ ವೈನಿಗೆ ಕೊಡಬೇಕೆಂದಿದ್ದೆ. ಅಣ್ಣ ಹೋದಾಗ ಅವರ ಮಗಳು ಇನ್ನೂ ಎದೆಹಾಲಿನ ಕೂಸು.

ಕಲ್ಲೂರು ದಾಟಿ ಮಾನ್ವಿ ಮುಟ್ಟಿದೆ. ಆ ಮದುವೆಯಲ್ಲಿ ಫೋಟೋ ಹೊಡೆದಿದ್ದ ಫೋಟೋಗ್ರಾಫರ್ ಚಹಾ ತರಿಸಿದ. ಮೂಲ ಫೈಲ್ ಕೇಳಿದೆ.

"ಮೂಲ ಎಲ್ಲಿಂದ ಬರ್ತದ್ರೀ? ಕ್ಯಾಮೆರಾದಾಗೇ ಶಾರ್ಪ್‌ನೆಸ್ ಫುಲ್ ಇಟ್ಟಿರ್ತೀನಿ. ಹೊಡದ ಕೂಡ್ಲೇ ಗೆರಿಯೆಲ್ಲ ಖಡಕ್ ಆಗಿ ರೆಡಿ. ಒಂದೊಂದು ಫೋಟೋ ಹಿಡ್ಕೊಂಡು ಕಂಪ್ಯೂಟರ್ ಮುಂದ ಯಾರು ಕುಂಡ್ರತಾರ?"

"ನಾವು ಕುಂಡ್ರತೀವಲ್ರೀ!" ಎಂದೆ. ಸಾರಿಗೆ ಉಪ್ಪು ಕಮ್ಮಿಯಾದರೆ ಆಮೇಲೆ ಹಾಕಿಕೊಳ್ಳಬಹುದು, ಹೆಚ್ಚಾದರೆ ತೆಗೆಯುವವರು ಯಾರು? ಕಂಪ್ಯೂಟರಿನಲ್ಲಿ ಮಾಡಿದ್ದರೆ ಮೂಲ ಬೇರೆಯಾಗಿ ಉಳಿದಿರುತ್ತಿತ್ತು. "ಗಿರಾಕಿಗೆ ಖಡಕ್ ಇರಬೇಕ್ರೀ" ಎಂದು ನಕ್ಕ. ಚಹಾ ಮುಟ್ಟದೆ ಎದ್ದೆ.

ಸಿರವಾರದ ಮೇಲೆ ದೇವದುರ್ಗ ಬಸ್ಸು. ಕಿಟಕಿಯಿಂದ ಬರೀ ಧೂಳು, ಬಿಸಿಗಾಳಿ. ಬೇರೆ ದಾರಿಯಿಲ್ಲದೆ ಅದೇ ಫೋಟೋ ಹಿಡಿದು ವೈನಿಯ ಮನೆಗೆ ಹೋದೆ.

ವೈನಿ ಟವೆಲ್ ಬಿಚ್ಚಿ ಬಹಳ ಹೊತ್ತು ನೋಡಿದರು. "ಇವರ ಮಾರಿ ಹಿಂಗ ಬಿರುಸು ಇರಲಿಲ್ಲಲ್ಲೋ ತಮ್ಮಾ. ಸರಿ ಮಾಡಾಕ ಬರೂದಿಲ್ಲೇನು?"

"ಇಲ್ಲ ವೈನಿ."

"ಊರ ಮಂದಿದೆಲ್ಲ ಮಾಡ್ತಿ. ನಿಮ್ಮಣ್ಣಂದು ಆಗಲಿಲ್ಲೇನು?"

ನನಗೆ ಅಳು ಬಂತು. ಅವರೇ ಮೊಳೆ ಹುಡುಕಿ ತಂದರು. ಫೋಟೋ ತೂಗುಹಾಕಿ ಮಗಳನ್ನು ಎತ್ತಿಕೊಂಡು, "ನೋಡವ್ವಾ, ನಿಮ್ಮಪ್ಪ" ಎಂದರು.

ಹೊರಡುವಾಗ ಬಾಗಿಲಲ್ಲಿ ತಿರುಗಿ ನೋಡಿದೆ. ಕೂಸು ಆ ಬಿರುಸು ಮುಖಕ್ಕೆ ಕೈಚಾಚಿ, ನಗುತ್ತಾ "ಅಪ್ಪ" ಎನ್ನುತ್ತಿತ್ತು.