ಗೌರಮ್ಮನ ಕೂಗು, ನಮ್ಮ ಕಿವಿ

ಸಿನಿಮಾ ಥಿಯೇಟರಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿಯನ್ನು ನೀವು ಕಂಡಿದ್ದೀರಾ? ನಾನು ಹೊನ್ನಾಳಿಯಲ್ಲಿ ಒಂದು ಭಾನುವಾರ ಕಂಡೆ. ಒಳಗೆ ನಡೆಯುತ್ತಿದ್ದುದು ದೇವಿಯ ಸಿನಿಮಾ. ಜನ ಗುಡಿಗೆ ಬಂದವರಂತೆ ಹೊರಗೇ ಚಪ್ಪಲಿ ಕಳಚಿ, ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಅಂಗಾಲು ಸುಟ್ಟುಕೊಂಡು ಕುಣಿಯುತ್ತ ಒಳಗೆ ಹೋಗುತ್ತಿದ್ದರು. ನನ್ನ ಜೊತೆಗಿದ್ದ ಗೌರಮ್ಮನವರೂ ಕಳಚಿದರು. ಅವರನ್ನು ನೋಡಿ ನಾನೂ ಕಳಚಿದೆ. ಬರಿಗಾಲಲ್ಲಿ ನಿಂತಾಗ ಮನುಷ್ಯನಿಗೆ ತಾನಾಗಿಯೇ ಒಂದು ವಿನಯ ಬರುತ್ತದೆ. ಹಾಗೆ ವಿನಯದಿಂದ ಒಳಗೆ ಬಂದವರಿಗೆ ಏನನ್ನು ಉಣಬಡಿಸಬೇಕೆಂಬುದು ಸಿನಿಮಾ ಮಾಡಿದವರ ಮನಸ್ಸಾಕ್ಷಿಗೆ ಬಿಟ್ಟ ವಿಚಾರ, ಮನಸ್ಸಾಕ್ಷಿ ಎಂಬುದೊಂದಿದ್ದರೆ.

ನ್ಯಾಮತಿಯಲ್ಲಿ ನಾನು ಕನ್ನಡ ಕಲಿಸುವ ಶಾಲೆಯಲ್ಲಿ ಗೌರಮ್ಮ ಬಿಸಿಯೂಟದ ಅಡುಗೆಯವರು. ಐವತ್ತರ ಆಸುಪಾಸಿನ ಮಿತಭಾಷಿ ಹೆಂಗಸು. ಶುಕ್ರವಾರ ತಪ್ಪದೆ ಅಮ್ಮನ ಗುಡಿಗೆ ಹೋಗಿ ಬರುವವರು. "ದೇವಿ ಸಿನಿಮಾ ಬಂದೈತಂತೆ ಮೇಡಂ, ಒಬ್ಬಳೇ ಹೋಗಾಕೆ ಒಂಥರಾ ಆಗ್ತೈತಿ, ನೀವೂ ಬರ್ರಿ" ಎಂದು ಅವರು ಕರೆದದ್ದಕ್ಕೆ ನಾನು ಹೋದದ್ದು.

ಮಧ್ಯಂತರದವರೆಗೆ ಎಲ್ಲವೂ ಸರಿಯಿತ್ತು. ಆರತಿಯ ದೃಶ್ಯ ಬಂದಾಗ ಗೌರಮ್ಮ ಕೂತಲ್ಲೇ ಕೈಮುಗಿದರು. ಆಮೇಲೆ ಶುರುವಾಯಿತು ನೋಡಿ ಕಡಿತ. ದೇವಿ ಮೈಮೇಲೆ ಬಂದ ನಾಯಕ ಮಚ್ಚು ಹಿಡಿದು ಒಬ್ಬೊಬ್ಬರನ್ನೇ ಕಡಿಯುತ್ತಾನೆ; ರಕ್ತ ತೆರೆಯ ಮೇಲೆ ನಿಧಾನಗತಿಯಲ್ಲಿ, ಹೂವು ಎರಚಿದಂತೆ ಚಿಮ್ಮುತ್ತದೆ; ಹಿಂದಿನಿಂದ ಮಂತ್ರ, ಮೇಲಿನಿಂದ ತಮಟೆ. ಪ್ರತಿ ತಲೆ ಉರುಳಿದಾಗಲೂ ಮುಂದಿನ ಸಾಲಿನವರು ಶಿಳ್ಳೆ ಹೊಡೆದರು, ಹಿಂದಿನವರು ಜೈಕಾರ ಕೂಗಿದರು. ಭಕ್ತಿಗೂ ರಕ್ತಕ್ಕೂ ಇರುವುದು ಒಂದೇ ಒತ್ತಕ್ಷರ ಎಂದು ಮಕ್ಕಳಿಗೆ ತಿದ್ದಿಸುವವಳು ನಾನು. ಆ ಒತ್ತನ್ನೇ ಒತ್ತಿ ಒತ್ತಿ, ಎರಡೂ ಒಂದೇ ಎಂದು ಜನರನ್ನು ನಂಬಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಇದ್ದಕ್ಕಿದ್ದಂತೆ ಗೌರಮ್ಮ ಎದ್ದು ನಿಂತರು. ಎರಡೂ ಕೈ ಮುಂದೆ ಚಾಚಿ, ಇಡೀ ಥಿಯೇಟರ್ ನಡುಗುವಂತೆ ಕೂಗಿದರು: "ಬ್ಯಾಡ್ರೋ! ಹೊಡೀಬ್ಯಾಡ್ರೋ! ಬಿಡ್ರೋ ಅವನ್ನ!"

ತುರುಬು ಬಿಚ್ಚಿಹೋಯಿತು. ಮೈ ಗಡಗಡ ನಡುಗುತ್ತಿತ್ತು. ನಾನು ಹಿಡಿದುಕೊಳ್ಳುವಷ್ಟರಲ್ಲಿ ಅವರು ಕುರ್ಚಿಗಳ ನಡುವೆ ಕುಸಿದಿದ್ದರು. "ದೇವಿ ಬಂದಳು, ದೇವಿ ಬಂದಳು" ಎಂದು ಯಾರೋ ಕೂಗಿದ್ದೇ ತಡ, ಕೆಲವರು ಓಡಿಬಂದು ಅವರ ಕಾಲು ಮುಟ್ಟಿದರು, ಕೆಲವರು ನಕ್ಕರು, ಮಿಕ್ಕವರೆಲ್ಲ ಮೊಬೈಲು ಹಿಡಿದರು. ನೀರು ಕೊಡಿ ಎಂದು ನಾನು ಬೇಡಿದೆ. ಅಷ್ಟು ಕೈಗಳಲ್ಲಿ ನೀರಿನ ಬಾಟಲಿ ಹಿಡಿದ ಕೈ ಒಂದೂ ಇರಲಿಲ್ಲ.

ಬಸ್ಸಿನಲ್ಲಿ ನಾವು ನ್ಯಾಮತಿ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು.

ಮರುದಿನ ಸ್ಟಾಫ್ ರೂಮು ಎರಡು ಪಕ್ಷವಾಗಿತ್ತು. ಪಿ.ಟಿ. ಮೇಷ್ಟ್ರು ಕಣ್ಣರಳಿಸಿ, "ಮೇಡಂ, ನೀವು ಪಕ್ಕದಲ್ಲೇ ಇದ್ರಂತೆ, ಎಂಥಾ ಪುಣ್ಯ ರೀ ನಿಮ್ಮದು! ದೇವರ ಸಿನಿಮಾ ಅಂದ್ರೆ ಹಿಂಗಿರಬೇಕು. ದುಷ್ಟರನ್ನ ಕಡೀದೆ ಮುದ್ದು ಮಾಡಾಕೆ ಆಗ್ತೈತಾ?" ಎಂದರು. ವಿಜ್ಞಾನದ ಮೇಷ್ಟ್ರು ಟೀ ಲೋಟ ಕುಕ್ಕಿದರು. "ಎಂಥ ದೇವಿ ರೀ? ಉನ್ಮಾದ ಅದು. ಇಂಥ ಸಿನಿಮಾ ತಗೀತಾರೆ, ಇಂಥ ಮೂಢರು ಕುಣೀತಾರೆ. ನಮ್ಮ ಮಕ್ಕಳಿಗೆ ಅಡುಗೆ ಮಾಡೋರೂ ಇವರೇ ನೋಡ್ರಿ." ಇಬ್ಬರೂ ನನ್ನ ಸಾಕ್ಷಿ ಕೇಳಿದರು. "ಗೌರಮ್ಮ ಹೆಂಗಿದಾರೆ?" ಎಂದು ಇಬ್ಬರೂ ಕೇಳಲಿಲ್ಲ.

ಚನ್ನಗಿರಿಯ ನನ್ನ ತಂಗಿಯ ಮನೆಯಲ್ಲೂ ಇದೇ ಚರ್ಚೆ. ಅವಳ ಅತ್ತೆ ದೇವಿಯ ಕಡೆ, ಮಾವ ವಿರುದ್ಧ. ಜಗಳೂರಿಗೆ ಹೆಸರಲ್ಲಷ್ಟೇ ಜಗಳವಿದೆ ಎಂದುಕೊಂಡಿದ್ದೆ. ಅಲ್ಲಿನ ನಮ್ಮ ನೆಂಟರ ವಾಟ್ಸಾಪ್ ಗುಂಪು ಈ ವಿಡಿಯೋದ ದೆಸೆಯಿಂದ ಒಡೆದು ಎರಡಾಯಿತು. ಹರಿದಾಡುವ ವಿಡಿಯೋದಲ್ಲಿ ಗೌರಮ್ಮನ ದನಿಯೇ ಇರಲಿಲ್ಲ. ಅದನ್ನು ತೆಗೆದು ಯಾರೋ ಭಜನೆ ಸೇರಿಸಿದ್ದರು. ಗೆಳೆಯರೇ, ನನ್ನ ಕೋಪ ಕುದಿದದ್ದು ಇಲ್ಲಿ. ಅಂದು ಥಿಯೇಟರಿನಲ್ಲಿದ್ದ ಎಲ್ಲರೂ "ಹೊಡೀಬ್ಯಾಡ್ರೋ" ಎಂಬ ಮಾತನ್ನು ಸ್ಪಷ್ಟವಾಗಿ ಕೇಳಿದ್ದರು. ಬಂದದ್ದು ದೇವಿಯೇ ಎಂದು ನಂಬಿದವರಾದರೂ, ಆ ದೇವಿ ಬೇಡ ಎಂದಳಲ್ಲ, ಯಾಕೆ ಎಂದು ಯೋಚಿಸಬೇಡವೇ? ಮೂಢನಂಬಿಕೆ ಎಂದವರಾದರೂ, ಕಣ್ಣೆದುರು ಕಡಿಯುವಾಗ ಬೇಡ ಎಂದ ಹೆಂಗಸು ಮೂಢಳೋ, ಶಿಳ್ಳೆ ಹೊಡೆದವರು ಮೂಢರೋ ಎಂದು ಅಳೆಯಬೇಡವೇ? ಒಬ್ಬರಿಗೆ ದೇವರು ಬೇಕಿತ್ತು, ಇನ್ನೊಬ್ಬರಿಗೆ ವಾದ ಬೇಕಿತ್ತು. ಗೌರಮ್ಮ ಯಾರಿಗೂ ಬೇಕಿರಲಿಲ್ಲ.

ಅವರ ಮನೆಗೆ ಜನ ಬರತೊಡಗಿದರು. ಉಡಿ ತುಂಬಲು ಕೆಲವರು, ಕಳೆದ ಎಮ್ಮೆಯ ದಿಕ್ಕು ಕೇಳಲು ಕೆಲವರು. ಶಾಲೆಯ ಪುಟ್ಟ ಹುಡುಗಿಯರು ಅನ್ನ ಬಡಿಸಿಕೊಳ್ಳಲು ಹೆದರಿ ತಟ್ಟೆ ದೂರ ಹಿಡಿದರು. ಒಂದು ದಿನ ಊಟ ಮುಗಿದ ಮೇಲೆ ನಾನು ಅಡುಗೆಮನೆಗೆ ಹೋದೆ. ಗೌರಮ್ಮ ತೊಳೆದ ದೊಡ್ಡ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು.

"ಅವತ್ತು ಏನಾಯ್ತು ಗೌರಮ್ಮ?" ಎಂದೆ.

ಪಾತ್ರೆ ಬೋರಲು ಹಾಕಿ ಹೇಳಿದರು. ಅವರ ತವರು ಸಾಸ್ವೆಹಳ್ಳಿಯ ಕಡೆ. ಅಣ್ಣ ಬಸಣ್ಣ. ನಾಲೆಯ ನೀರು ಯಾರ ಗದ್ದೆಗೆ ಮೊದಲು ಎಂಬ ಮಾತಿಗೆ ಮಾತು ಬೆಳೆದು, ಪಕ್ಕದ ಹೊಲದವನು ಮಚ್ಚು ಬೀಸಿದ. ತವರಿಗೆ ಬಂದವರು ಅಣ್ಣನಿಗೆ ಬುತ್ತಿ ಒಯ್ದಿದ್ದ ಗೌರಮ್ಮ ಬದುವಿನ ಮೇಲೆ ನಿಂತು ಎಲ್ಲವನ್ನೂ ನೋಡಿದರು.

"ತೆರೆ ಮ್ಯಾಲೆ ರಗತ ಹಾರ್ತಲ್ಲ ಮೇಡಂ, ನಮ್ಮಣ್ಣನ ಬಿಳಿ ಅಂಗಿ ಕಾಣಿಸ್ತು. ಅವತ್ತೂ ಹಿಂಗೇ ಕೂಗಿದ್ದೆ. ಆದ್ರೆ ಅವತ್ತು ಯಾರೂ ಶಿಳ್ಳೆ ಹೊಡೀಲಿಲ್ಲ ನೋಡ್ರಿ." ಇಷ್ಟು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. "ಮನೆ ಮುಂದೆ ಬಂದೋರಿಗೆ ನಾನು ಏನಂತ ಹೇಳ್ಲಿ? ದೇವಿ ಇಲ್ಲ ಅಂದ್ರೆ ಕೋಪ, ಐತೆ ಅಂದ್ರೆ ಸುಳ್ಳು."

ಹೊನ್ನಾಳಿಯ ಆ ಥಿಯೇಟರಿನ ಮುಂದೆ ಗೌರಮ್ಮನ ಫೋಟೋದ ಫ್ಲೆಕ್ಸ್ ಕಟ್ಟಿದ್ದಾರೆಂದು ತಿಳಿದಾಗ ಅವರೇ ಹೊರಟು ನಿಂತರು. ನಾನು ಜೊತೆಗೆ ಹೋದೆ. ಬಿಚ್ಚಿದ ತುರುಬು, ತೆರೆದ ಬಾಯಿ, ಸುತ್ತ ಜ್ವಾಲೆಯ ಚಿತ್ರ. ಕೆಳಗೆ, "ದೇವಿಯೇ ಬಂದು ನೋಡಿದ ಚಿತ್ರ". ಫ್ಲೆಕ್ಸಿನ ಬುಡದಲ್ಲಿ ಯಾರೋ ಕಾಯಿ ಒಡೆದಿದ್ದರು.

ಫ್ಲೆಕ್ಸು ಇಳಿಸಿ ಎಂದ ಗೌರಮ್ಮನ ಗುರುತು ಹಿಡಿದು ಮ್ಯಾನೇಜರು ಕೈಮುಗಿದ. "ಅಮ್ಮಾ, ಇದನ್ನ ನೋಡಿನೇ ಹಳ್ಳಿ ಹಳ್ಳಿಯಿಂದ ಟ್ರ್ಯಾಕ್ಟರ್ ಕಟ್ಕೊಂಡು ಜನ ಬರ್ತಿದಾರೆ. ಇಳಿಸು ಅಂದ್ರೆ ಹೆಂಗೆ? ದೇವಿ ನಿಮ್ಮ ಮೈಮ್ಯಾಲೆ ಬಂದಿದ್ದು ಊರಿಗೇ ಒಳ್ಳೇದು."

"ದೇವಿ ಬಂದಿರ್ಲಿಲ್ಲ ರೀ," ಎಂದರು ಗೌರಮ್ಮ. ದನಿ ಎತ್ತರಿಸಲಿಲ್ಲ, ಆದರೂ ಟಿಕೆಟಿನ ಸಾಲು ಪೂರ್ತಿ ತಿರುಗಿತು. "ನಮ್ಮಣ್ಣ ಬಂದಿದ್ದ. ಮಚ್ಚಿನೇಟು ತಿಂದು ನನ್ನ ಕಣ್ಣೆದುರಿಗೇ ಸತ್ತೋನು. ಅವನ್ನ ಹೊಡೀಬ್ಯಾಡ್ರಿ ಅಂತ ಅತ್ತೆ ನಾನು. ನನ್ನ ಅಳುನ ನೀವು ಬಾಗಿಲಿಗೆ ಕಟ್ಟೀರಿ. ಬಿಚ್ಚಿರಿ."

ಈಗಲಾದರೂ ಜನ ಕೇಳಿಸಿಕೊಂಡರು ಎಂದು ನಾನು ಹಿಗ್ಗುವಷ್ಟರಲ್ಲಿ, ಹಣೆ ತುಂಬ ವಿಭೂತಿ ಬಳಿದ ಹಿರಿಯರೊಬ್ಬರು "ಬಂದ ದೇವಿನ ಬ್ಯಾಡ ಅನ್ನಬಾರದು ತಾಯಿ, ತಪ್ಪಾಗ್ತೈತಿ" ಎಂದರು. ಅವರ ಹಿಂದಿದ್ದ ಪ್ಯಾಂಟಿನವನು ಗೆಳೆಯನ ಬೆನ್ನಿಗೆ ಗುದ್ದಿ, "ನಾ ಹೇಳ್ಲಿಲ್ವಾ, ಎಲ್ಲಾ ಪಬ್ಲಿಸಿಟಿ ಅಂತ!" ಎಂದು ಗೆದ್ದವನಂತೆ ನಕ್ಕ. ಮತ್ತೆ ಅದೇ ಎರಡು ಪಕ್ಷ. ಸತ್ತವನ ಮಾತು ಬಂದರೂ ಅವರು ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಮ್ಯಾನೇಜರು ಓನರಿಗೆ ಫೋನು ಮಾಡುವ ನೆಪದಲ್ಲಿ ಒಳಗೆ ಹೋದ. (ಫ್ಲೆಕ್ಸು ಮಾರನೆಯ ದಿನ ಇಳಿಯಿತು. ವಿಡಿಯೋ ಇಂದಿಗೂ ಇಳಿದಿಲ್ಲ.)

ಆಗ ಸಾಲಿನಿಂದ ಒಬ್ಬ ಹೆಂಗಸು ಹೊರಬಂದರು. ಕೈಯಲ್ಲಿ ಆಗಷ್ಟೇ ಕೊಂಡ ಟಿಕೆಟು. ಗೌರಮ್ಮನ ಹತ್ತಿರ ಬಂದು ಮೆಲ್ಲಗೆ, "ಏನ್ ಹೆಸರು ರೀ ನಿಮ್ಮಣ್ಣಂದು?" ಎಂದರು.

ಗೌರಮ್ಮ ಅವರನ್ನೇ ನೋಡಿದರು. ಇಷ್ಟು ದಿನಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

"ಬಸಣ್ಣ," ಎಂದರು.

"ನಿಮಗಿಂತ ದೊಡ್ಡೋರಾ?"

"ಹೂಂ. ನನ್ನನ್ನ ಹೆಗಲ ಮ್ಯಾಲೆ ಕೂರಿಸ್ಕೊಂಡು ನಾಲೆ ದಾಟಿಸ್ತಿದ್ದ."

ಇಬ್ಬರೂ ಥಿಯೇಟರಿನ ಮೆಟ್ಟಿಲ ಮೇಲೆ ಕೂತರು. ಬೆಲ್ಲು ಹೊಡೆಯಿತು, ಸಾಲು ಕರಗಿ ಒಳಗೆ ಸೇರಿತು, ಬಾಗಿಲು ಮುಚ್ಚಿತು. ಗೌರಮ್ಮ ಹೇಳುತ್ತಲೇ ಇದ್ದರು: ಬಸಣ್ಣನಿಗೆ ಹುಚ್ಚೆಳ್ಳು ಚಟ್ನಿ ಅಂದರೆ ಪ್ರಾಣ, ಎತ್ತುಗಳನ್ನು ಬೈಯಲೂ ಅವನಿಗೆ ಬಾಯಿ ಬರುತ್ತಿರಲಿಲ್ಲ, ತಂಗಿಯ ಮದುವೆಯಲ್ಲಿ ಹಿತ್ತಲಿಗೆ ಹೋಗಿ ಒಬ್ಬನೇ ಅತ್ತಿದ್ದ. ಒಳಗೆ ತಮಟೆ ಶುರುವಾಗಿ, ಯಾವುದೋ ತಲೆ ಉರುಳಿರಬೇಕು, ಶಿಳ್ಳೆಯ ಅಲೆ ಗೋಡೆ ದಾಟಿ ಬಂತು. ಗೌರಮ್ಮನ ಮಾತು ನಿಂತಿತು.

ಆ ಹೆಂಗಸು ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಇನ್ನಷ್ಟು ಹತ್ತಿರ ಸರಿದು ಕೂತರು.

"ಹೂಂ," ಎಂದರು, "ಆಮೇಲೆ?"